ಸೀಡ್ ಫ್ರೇಸ್ ಕಾಯುವ ಬಗೆ: ಕ್ರಿಪ್ಟೋ ಕೀಲಿಯನ್ನು ಕಳ್ಳರಿಂದಲೂ ಮರೆವಿನಿಂದಲೂ ಉಳಿಸಿಕೊಳ್ಳಲು

ಬಿಟ್‌ಕಾಯಿನ್ ಆಗಲಿ ಈಥರ್ ಆಗಲಿ, ಯಾವ ಕ್ರಿಪ್ಟೋ ನಾಣ್ಯವೂ ನಿಮ್ಮ ಫೋನಿನೊಳಗೆ ಇರುವುದಿಲ್ಲ. ಯಾವ ವಿಳಾಸದಲ್ಲಿ ಎಷ್ಟು ನಾಣ್ಯವಿದೆ ಎಂಬ ಲೆಕ್ಕವು ಸಾವಿರಾರು ಕಂಪ್ಯೂಟರುಗಳು ಒಂದೇ ರೀತಿ ಬರೆದಿಟ್ಟುಕೊಂಡಿರುವ ಖಾತೆಪುಸ್ತಕದಲ್ಲಿರುತ್ತದೆ. ವಾಲೆಟ್ ಎಂದು ನಾವು ಕರೆಯುವ ಆ್ಯಪ್‌ನಲ್ಲಿ ಅಥವಾ ಸಾಧನದಲ್ಲಿ ಇರುವುದು ಆ ವಿಳಾಸದಿಂದ ಹಣ ಹೊರಡಿಸಲು ಬೇಕಾದ ಪ್ರೈವೇಟ್ ಕೀ, ಅಂದರೆ 256 ಬಿಟ್ ಉದ್ದದ ಒಂದು ಗುಪ್ತ ಸಂಖ್ಯೆ. ಆ ಸಂಖ್ಯೆ ಯಾರ ಕೈಯಲ್ಲಿದೆಯೋ ಹಣವೂ ಅವರದೇ. ಆ ಕೀಲಿಯನ್ನು ಮತ್ತೆ ಹುಟ್ಟಿಸಿಕೊಳ್ಳಲು ವಾಲೆಟ್ ಕೊಡುವ ಹನ್ನೆರಡೋ ಇಪ್ಪತ್ತನಾಲ್ಕೋ ಪದಗಳ ಸಾಲೇ ಸೀಡ್ ಫ್ರೇಸ್. ಬ್ಯಾಂಕಿನ ಪಾಸ್‌ಬುಕ್ ಕಳೆದರೆ ಆಧಾರ್ ಕಾರ್ಡ್ ತೋರಿಸಿ ಇನ್ನೊಂದನ್ನು ಪಡೆಯಬಹುದು. ಇಲ್ಲಿ ಕೀಲಿ ಕಳೆದರೆ ಅರ್ಜಿ ಕೊಡಲು ಕೌಂಟರೇ ಇಲ್ಲ.

ಆದ್ದರಿಂದ ಈ ಕೀಲಿಗೆ ಎರಡು ಕಡೆಯಿಂದ ಅಪಾಯವಿದೆ. ಒಂದು ಕಳ್ಳತನ, ಇನ್ನೊಂದು ನಾವೇ ಕಳೆದುಕೊಳ್ಳುವುದು. ಜನ ಕಳ್ಳನಿಗೆ ಹೆದರಿ ಕೀಲಿಯನ್ನು ಎಷ್ಟು ಆಳದಲ್ಲಿ ಹುದುಗಿಸುತ್ತಾರೆ ಎಂದರೆ ಕೊನೆಗೆ ಅದು ಅವರಿಗೇ ಸಿಗುವುದಿಲ್ಲ. ವೇಲ್ಸ್‌ನ ನ್ಯೂಪೋರ್ಟ್ ನಗರದ ಜೇಮ್ಸ್ ಹೊವೆಲ್ಸ್ ಅವರ ಸುಮಾರು 8,000 ಬಿಟ್‌ಕಾಯಿನ್‌ಗಳ ಕೀಲಿಯಿದ್ದ ಹಾರ್ಡ್ ಡಿಸ್ಕ್ 2013ರಲ್ಲಿ ಕಸದೊಡನೆ ಊರಾಚೆಯ ಗುಂಡಿ ಸೇರಿತು. ಅದನ್ನು ಅಗೆದು ತೆಗೆಯಲು ಅವರು ವರ್ಷಗಟ್ಟಲೆ ಹೋರಾಡಿದರೂ ಅನುಮತಿ ಸಿಗಲಿಲ್ಲ. ಅಲ್ಲಿ ಕಳ್ಳನೇ ಇರಲಿಲ್ಲ. ಈ ಬರಹದಲ್ಲಿ ಹೇಳುವ ಪ್ರತಿಯೊಂದು ಕ್ರಮವನ್ನೂ ಈ ಎರಡು ಅಪಾಯಗಳ ತಕ್ಕಡಿಯಲ್ಲಿಟ್ಟು ತೂಗಿ ನೋಡಬೇಕೆಂದು ಕೋರುತ್ತೇನೆ.

ಎಕ್ಸ್‌ಚೇಂಜ್‌ನಲ್ಲಿ ಎಷ್ಟು, ಸ್ವಂತ ಕೀಲಿಯಲ್ಲಿ ಎಷ್ಟು

ಎಕ್ಸ್‌ಚೇಂಜ್, ಅಂದರೆ ನಾಣ್ಯ ಕೊಂಡು ಮಾರಲು ನೆರವಾಗುವ ಕಂಪನಿಯ ಆ್ಯಪ್‌ನಲ್ಲಿ ಕಾಣುವ ಮೊತ್ತ ನಿಮ್ಮ ಕೀಲಿಯ ಅಡಿಯಲ್ಲಿರುವ ಹಣವಲ್ಲ. ಕೀಲಿ ಕಂಪನಿಯದು, ನಿಮ್ಮದು ಕೇಳುವ ಹಕ್ಕು ಮಾತ್ರ. 2024ರ ಜುಲೈ 18ರಂದು ವಜೀರ್‌ಎಕ್ಸ್ ಎಂಬ ಭಾರತದ ಎಕ್ಸ್‌ಚೇಂಜ್‌ನ ಒಂದು ವಾಲೆಟ್‌ನಿಂದ ಸುಮಾರು 23 ಕೋಟಿ ಡಾಲರ್ ಕಳುವಾದಾಗ, ಅಲ್ಲಿ ಹಣವಿಟ್ಟಿದ್ದ ಲಕ್ಷಾಂತರ ಭಾರತೀಯರು ಒಂದು ವರ್ಷಕ್ಕೂ ಹೆಚ್ಚು ಕಾಲ ತಮ್ಮ ನಾಣ್ಯಗಳನ್ನು ಮುಟ್ಟಲಾಗದೆ ಕಾಯಬೇಕಾಯಿತು. ಕೆನಡಾದ ಕ್ವಾಡ್ರಿಗಾ ಎಂಬ ಎಕ್ಸ್‌ಚೇಂಜ್‌ನ ಸ್ಥಾಪಕ ಜೆರಾಲ್ಡ್ ಕಾಟನ್ 2018ರ ಡಿಸೆಂಬರಿನಲ್ಲಿ ನಮ್ಮ ಜೈಪುರದಲ್ಲಿ ತೀರಿಕೊಂಡಾಗ, ಪಾಸ್‌ವರ್ಡ್‌ಗಳು ಅವರೊಬ್ಬರಿಗೇ ಗೊತ್ತಿದ್ದವು ಎಂದು ಗ್ರಾಹಕರಿಗೆ ತಿಳಿಸಲಾಯಿತು. ಹಣದ ಬಹುಪಾಲು ಅದಕ್ಕೂ ಮೊದಲೇ ಅವರ ವಂಚನೆಯಿಂದ ಕರಗಿಹೋಗಿತ್ತು ಎಂಬುದನ್ನು ಒಂಟಾರಿಯೊದ ಷೇರು ನಿಯಂತ್ರಣ ಆಯೋಗ 2020ರಲ್ಲಿ ಬಯಲು ಮಾಡಿತು.

ಹಾಗೆಂದು ಎಲ್ಲರೂ ಇಂದೇ ಎಲ್ಲವನ್ನೂ ಸ್ವಂತ ವಾಲೆಟ್‌ಗೆ ಸಾಗಿಸಬೇಕೆಂದು ನಾನು ಹೇಳಲಾರೆ. ಕೆಲವು ಸಾವಿರ ರೂಪಾಯಿಯಷ್ಟು ನಾಣ್ಯ ಇಟ್ಟುಕೊಂಡು ಆಗಾಗ ಮಾರಿ ಕೊಳ್ಳುವವರಿಗೆ, ಕೇಂದ್ರದ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಾಯಿಸಿಕೊಂಡ ಎಕ್ಸ್‌ಚೇಂಜ್ ಸಾಕು. ಕಳೆದುಹೋದರೆ ಮನೆಯ ಲೆಕ್ಕಾಚಾರ ತಪ್ಪುವಷ್ಟು ಮೊತ್ತ ಸೇರಿದ ದಿನ ಸ್ವಂತ ಕೀಲಿಯ ಬಗ್ಗೆ ಯೋಚಿಸಬೇಕು. ಎಕ್ಸ್‌ಚೇಂಜ್‌ನಲ್ಲಿ ಉಳಿಸುವ ಪಾಲಿಗೆ ಬೇರೆಲ್ಲೂ ಬಳಸದ ಉದ್ದನೆಯ ಪಾಸ್‌ವರ್ಡ್ ಇರಲಿ. ಎರಡನೆಯ ಹಂತದ ಪರಿಶೀಲನೆಗೆ ಎಸ್‌ಎಂಎಸ್ ಒಟಿಪಿಗಿಂತ ಫೋನಿನೊಳಗೇ ಅಂಕಿ ಹುಟ್ಟಿಸುವ ಅಥೆಂಟಿಕೇಟರ್ ಆ್ಯಪ್ ಮೇಲು, ಏಕೆಂದರೆ ನಿಮ್ಮ ಹೆಸರಿನಲ್ಲಿ ನಕಲಿ ಸಿಮ್ ತೆಗೆದವನಿಗೆ ಎಸ್‌ಎಂಎಸ್ ಹೋಗುತ್ತದೆ, ಆ್ಯಪ್‌ನ ಅಂಕಿ ಹೋಗುವುದಿಲ್ಲ. ಹಣ ಹೊರಹೋಗುವ ವಿಳಾಸಗಳನ್ನು ಮೊದಲೇ ನೋಂದಾಯಿಸಿ, ಉಳಿದ ವಿಳಾಸಗಳಿಗೆ ಕಳಿಸದಂತೆ ತಡೆಯುವ ಸೌಲಭ್ಯವಿದ್ದರೆ ಅದನ್ನೂ ಚಾಲೂ ಮಾಡಿ. ಇವೆಲ್ಲಕ್ಕಿಂತ ಮೊದಲು ಆ ಖಾತೆಗೆ ಕೊಟ್ಟಿರುವ ಇಮೇಲನ್ನು ಭದ್ರಪಡಿಸಬೇಕು. ಇಮೇಲ್ ಕೈತಪ್ಪಿದರೆ ಉಳಿದ ಬೀಗಗಳು ಒಂದೊಂದಾಗಿ ತೆರೆದುಕೊಳ್ಳುತ್ತವೆ.

ಸಾಧನ ಕೊಳ್ಳುವಾಗ

ಹಾರ್ಡ್‌ವೇರ್ ವಾಲೆಟ್ ಎಂಬುದು ಪೆನ್‌ಡ್ರೈವ್ ಗಾತ್ರದ ಸಾಧನ. ಕೀಲಿ ಅದರೊಳಗೇ ಹುಟ್ಟಿ ಅಲ್ಲೇ ಉಳಿಯುತ್ತದೆ. ಆ ಕೀಲಿಯಿಂದ ಡಿಜಿಟಲ್ ಸಹಿ ಮಾಡಿದ ವ್ಯವಹಾರ ಮಾತ್ರ ಹೊರಗೆ ಬರುತ್ತದೆ. ಆದ್ದರಿಂದ ಕಂಪ್ಯೂಟರಿನಲ್ಲಿ ವೈರಸ್ ಇದ್ದರೂ ಕೀಲಿ ಅದರ ಕೈಗೆ ಸಿಗದು. ಪ್ರಾಗ್‌ನಲ್ಲಿ ತಯಾರಾದ ಟ್ರೆಜರ್ 2014ರಲ್ಲಿ ಮಾರುಕಟ್ಟೆಗೆ ಬಂದ ಮೇಲೆ ಈ ಬಗೆಯ ಸಾಧನಗಳು ಸಾಮಾನ್ಯ ಬಳಕೆದಾರರ ಕೈಗೆಟುಕಿದವು. ಇದನ್ನು ತಯಾರಕರಿಂದ ನೇರವಾಗಿ ಅಥವಾ ಅವರು ಹೆಸರಿಸಿರುವ ಮಾರಾಟಗಾರರಿಂದ ಮಾತ್ರ ಕೊಳ್ಳಬೇಕು. ಯಾರೋ ಬಳಸಿ ಬಿಟ್ಟದ್ದನ್ನು ಅಗ್ಗಕ್ಕೆ ಸಿಗುತ್ತದೆಂದು ತರಬಾರದು. ಪೆಟ್ಟಿಗೆ ತೆರೆದಾಗ ಒಳಗಿನ ಕಾರ್ಡಿನಲ್ಲಿ ಹನ್ನೆರಡೋ ಇಪ್ಪತ್ತನಾಲ್ಕೋ ಪದಗಳು ಮೊದಲೇ ಮುದ್ರಿತವಾಗಿದ್ದರೆ, ಆ ವಾಲೆಟ್‌ಗೆ ಇನ್ನೊಬ್ಬ ಒಡೆಯ ಈಗಾಗಲೇ ಇದ್ದಾನೆ ಎಂದು ತಿಳಿದು ಅದನ್ನು ಬದಿಗಿಡಿ. ಪದಗಳನ್ನು ನಿಮ್ಮ ಕಣ್ಣೆದುರೇ ಸಾಧನವು ತನ್ನ ಪರದೆಯ ಮೇಲೆ ಹೊಸದಾಗಿ ತೋರಿಸಬೇಕು.

ಸಾಧ್ಯವಾದರೆ ಮನೆಯ ವಿಳಾಸಕ್ಕೆ ತರಿಸಿಕೊಳ್ಳಬೇಡಿ. 2020ರಲ್ಲಿ ಇಂಥ ಸಾಧನಗಳನ್ನು ತಯಾರಿಸುವ ಲೆಡ್ಜರ್ ಕಂಪನಿಯಿಂದ ಸುಮಾರು 2.7 ಲಕ್ಷ ಗ್ರಾಹಕರ ಹೆಸರು, ಮನೆ ವಿಳಾಸ, ಫೋನ್ ಸಂಖ್ಯೆಗಳು ಸೋರಿಹೋದವು. ಕೀಲಿಗಳು ಸೋರಲಿಲ್ಲ, ನಿಜ. ಆದರೆ ಮರುವರ್ಷ ಕೆಲವು ಗ್ರಾಹಕರ ಮನೆಗೆ ‘ನಿಮ್ಮ ಸಾಧನವನ್ನು ಬದಲಿಸಿಕೊಡುತ್ತಿದ್ದೇವೆ’ ಎಂಬ ಪತ್ರದೊಡನೆ, ಒಳಗೆ ತಿದ್ದುಪಡಿ ಮಾಡಿದ ನಕಲಿ ಸಾಧನಗಳು ಅಂಚೆಯಲ್ಲಿ ಬಂದವು.

ಪದಗಳನ್ನು ನಾವೇ ಆರಿಸಿಕೊಳ್ಳುವ ಆಸೆಗೂ ಬೀಳಬಾರದು. ಮನುಷ್ಯರು ಯಾದೃಚ್ಛಿಕ, ಅಂದರೆ ಯಾವ ಕ್ರಮವೂ ಇಲ್ಲದ್ದೆಂದು ಭಾವಿಸಿ ಆರಿಸುವುದು ಯಂತ್ರದ ಕಣ್ಣಿಗೆ ಹಾಗಿರುವುದಿಲ್ಲ. ಯಂತ್ರವೇ ಎಡವಿದ ಉದಾಹರಣೆಯೂ ಇದೆ: 2023ರಲ್ಲಿ ‘ಮಿಲ್ಕ್ ಸ್ಯಾಡ್’ ಎಂಬ ಹೆಸರಿನಲ್ಲಿ ಬೆಳಕಿಗೆ ಬಂದ ದೋಷದಲ್ಲಿ, ಒಂದು ತಂತ್ರಾಂಶವು 256 ಬಿಟ್‌ನ ಜಾಗದಲ್ಲಿ ಕೇವಲ 32 ಬಿಟ್‌ನಷ್ಟು ಯಾದೃಚ್ಛಿಕತೆಯಿಂದ ಕೀಲಿಗಳನ್ನು ಹುಟ್ಟಿಸುತ್ತಿತ್ತು. ಅಂದರೆ ಸಾಧ್ಯವಿದ್ದ ಕೀಲಿಗಳು ಸುಮಾರು 430 ಕೋಟಿ ಮಾತ್ರ. ಕಳ್ಳರು ಅಷ್ಟನ್ನೂ ಎಣಿಸಿ ಹಣ ದೋಚಿದರು.

ಪದಗಳನ್ನು ಬರೆಯುವುದು

ಸಾಧನ ತೋರಿಸುವ ಪದಗಳೇ ಸೀಡ್ ಫ್ರೇಸ್. 2013ರಲ್ಲಿ ರೂಪುಗೊಂಡ ಬಿಪ್-39 ಎಂಬ ಕ್ರಮದಂತೆ 2,048 ಸಾಮಾನ್ಯ ಇಂಗ್ಲಿಷ್ ಪದಗಳ ಪಟ್ಟಿಯಿಂದ ಹನ್ನೆರಡು ಅಥವಾ ಇಪ್ಪತ್ತನಾಲ್ಕು ಪದಗಳು ಬರುತ್ತವೆ. ಇವುಗಳಿಂದಲೇ ನಿಮ್ಮ ಎಲ್ಲ ಕೀಲಿಗಳೂ ಹುಟ್ಟುತ್ತವೆ. ಸಾಧನ ಬಾವಿಗೆ ಬಿದ್ದರೂ ಈ ಪದಗಳಿದ್ದರೆ ಹಣ ಉಳಿಯುತ್ತದೆ. ಸಾಧನ ಕಪಾಟಿನಲ್ಲಿ ಭದ್ರವಾಗಿದ್ದರೂ ಈ ಪದಗಳನ್ನು ಓದಿದವನು ಹಣ ಕೊಂಡೊಯ್ಯಬಲ್ಲ. ಹೀಗಾಗಿ ನಿಮ್ಮ ಕಾಳಜಿಯ ಮುಕ್ಕಾಲು ಪಾಲು ಸಾಧನಕ್ಕಲ್ಲ, ಈ ಪದಗಳನ್ನು ಬರೆದ ಹಾಳೆಗೆ ಸಲ್ಲಬೇಕು.

ನಮ್ಮದು ಮಲೆನಾಡಿನ ಸಾಗರ ಪಟ್ಟಣದ ಕಡೆಯ ಮನೆ. ಮೊದಲ ವಾಲೆಟ್‌ನ ಪದಗಳನ್ನು ನಾನು ನೋಟ್‌ಬುಕ್ಕಿನ ಹಾಳೆಯಲ್ಲಿ ಜೆಲ್ ಪೆನ್ನಿನಿಂದ, ಕೂಡಕ್ಷರದಲ್ಲಿ ಬರೆದು, ಕಪಾಟಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಇಟ್ಟಿದ್ದೆ. ಎರಡು ಮಳೆಗಾಲ ಕಳೆದು ತೆಗೆದು ನೋಡಿದರೆ ಹಾಳೆ ಥಂಡಿ ಹಿಡಿದು ಮೆತ್ತಗಾಗಿತ್ತು, ಶಾಯಿ ಅಂಚುಗಳಲ್ಲಿ ಹರಡಿತ್ತು, ಏಳನೆಯ ಪದ ‘ಮಾರ್ಚ್’ ಇರಬಹುದೋ ‘ಮ್ಯಾಚ್’ ಇರಬಹುದೋ ತಿಳಿಯಲಿಲ್ಲ. ಪಟ್ಟಿಯಲ್ಲಿ ಎರಡೂ ಇವೆ; ಇಂಗ್ಲಿಷಿನಲ್ಲಿ ಅವೆರಡಕ್ಕೂ ಇರುವ ವ್ಯತ್ಯಾಸ ಒಂದೇ ಅಕ್ಷರ. ಹನ್ನೆರಡು ಪದಗಳ ಕೊನೆಯಲ್ಲಿ ಅಡಗಿರುವ ತಾಳೆಯ ಅಂಕಿಯಿಂದಾಗಿ, ತಪ್ಪು ಪದ ಹಾಕಿದರೆ ಹದಿನಾರರಲ್ಲಿ ಹದಿನೈದು ಬಾರಿ ಸಾಧನವು ಅದನ್ನು ಒಪ್ಪುವುದಿಲ್ಲ. ಒಂದನ್ನು ಹಾಕಿದೆ, ತಿರಸ್ಕರಿಸಿತು. ಇನ್ನೊಂದನ್ನು ಹಾಕಿದೆ, ತೆರೆಯಿತು. ಒಂದು ಪದದ ಬದಲು ಐದಾರು ಪದಗಳು ಅಳಿಸಿದ್ದರೆ ಆ ತಾಳೆ ನನ್ನನ್ನು ಕಾಪಾಡುತ್ತಿರಲಿಲ್ಲ.

ಆದ್ದರಿಂದ ಬಿಡಿ ಅಕ್ಷರಗಳಲ್ಲಿ, ಇಂಗ್ಲಿಷಿನ ದೊಡ್ಡ ಲಿಪಿಯಲ್ಲಿ, ಕ್ರಮಸಂಖ್ಯೆ ಹಾಕಿ ಬರೆಯಿರಿ. ನೀರಿಗೆ ಹರಡದ ಬಾಲ್ ಪೆನ್ ಅಥವಾ ಪೆನ್ಸಿಲ್ ಆಗಬಹುದು. ಪಟ್ಟಿಯ ಪ್ರತಿ ಪದವನ್ನೂ ಅದರ ಮೊದಲ ನಾಲ್ಕು ಅಕ್ಷರಗಳಿಂದಲೇ ಗುರುತಿಸಬಹುದಾದ್ದರಿಂದ ಕನಿಷ್ಠ ಆ ನಾಲ್ಕಾದರೂ ಸ್ಪಷ್ಟವಾಗಿರಬೇಕು. ಗುಟ್ಟಾಗಿರಲೆಂದು ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದಿಡುವವರನ್ನು ನೋಡಿದ್ದೇನೆ. ಇದು ಕಳ್ಳನನ್ನು ತಡೆಯುವುದಿಲ್ಲ, ನಿಮ್ಮನ್ನು ಮಾತ್ರ ಸಿಕ್ಕಿಸುತ್ತದೆ. ‘ರೈಟ್’ ಎಂದು ಬರೆದಿದ್ದರೆ ಅದು ಬಲಗಡೆ ಎಂಬ ಅರ್ಥದ ಪದವೋ ಬರೆ ಎಂಬ ಅರ್ಥದ ಪದವೋ? ಆ ಪಟ್ಟಿಯಲ್ಲಿ ಎರಡೂ ಇವೆ.

ಹಾಳೆಯ ಫೋಟೊ ತೆಗೆಯಬೇಡಿ. ವಾಟ್ಸ್‌ಆ್ಯಪ್‌ನಲ್ಲಿ ನಿಮಗೆ ನೀವೇ ಕಳಿಸಿಕೊಳ್ಳಬೇಡಿ. ಇಮೇಲ್ ಡ್ರಾಫ್ಟ್‌ನಲ್ಲಿ, ನೋಟ್ಸ್ ಆ್ಯಪ್‌ನಲ್ಲಿ ಇಡಬೇಡಿ. ಜೆರಾಕ್ಸ್ ಅಂಗಡಿಗೆ ಒಯ್ಯಬೇಡಿ. ಫೋಟೊ ತೆಗೆದ ಮರುಕ್ಷಣವೇ ಅದು ಕ್ಲೌಡ್‌ಗೆ ಹೋಗಿರುತ್ತದೆ, ಅಳಿಸಿದರೂ ಎಲ್ಲೆಲ್ಲಿ ಪ್ರತಿ ಉಳಿಯಿತೆಂದು ಹೇಳಲಾಗದು. 2025ರ ಫೆಬ್ರುವರಿಯಲ್ಲಿ ಕ್ಯಾಸ್ಪರ್‌ಸ್ಕಿ ಸಂಶೋಧಕರು ಪತ್ತೆ ಹಚ್ಚಿದ ಸ್ಪಾರ್ಕ್‌ಕ್ಯಾಟ್ ಎಂಬ ದುಷ್ಟ ತಂತ್ರಾಂಶವು ಗೂಗಲ್ ಪ್ಲೇ ಮತ್ತು ಆಪಲ್ ಆ್ಯಪ್ ಸ್ಟೋರ್ ಎರಡರಲ್ಲೂ ಇದ್ದ ಆ್ಯಪ್‌ಗಳೊಳಗೆ ಅಡಗಿಕೊಂಡು, ಗ್ಯಾಲರಿಯ ಚಿತ್ರಗಳಲ್ಲಿನ ಅಕ್ಷರಗಳನ್ನು ಓದಿ, ಸೀಡ್ ಫ್ರೇಸ್‌ನಂತೆ ಕಂಡದ್ದನ್ನು ಆರಿಸಿ ಕಳಿಸುತ್ತಿತ್ತು.

ಮಲೆನಾಡು, ಕರಾವಳಿಯ ಮನೆಗಳಲ್ಲಿ ಕಾಗದಕ್ಕೆ ತೇವವೂ ಗೆದ್ದಲೂ ಶತ್ರುಗಳು. ಬಹುಕಾಲ ಇಡುವುದಾದರೆ ಸ್ಟೇನ್‌ಲೆಸ್ ಸ್ಟೀಲ್ ತಗಡಿನ ಮೇಲೆ ಪದಗಳನ್ನು ಒತ್ತಿಡುವುದು ಮೇಲು. ನಮ್ಮಲ್ಲಿ ಮದುವೆ ಪಾತ್ರೆಗಳಿಗೆ ಹೆಸರು ಹಾಕಿಕೊಡುವ ಅಂಗಡಿಗಳಿವೆ. ಅಲ್ಲಿಗೆ ಹೋಗಿ ಈ ಪದಗಳನ್ನು ಕೆತ್ತಿಸಬಾರದು ಎಂದು ಬೇರೆ ಹೇಳಬೇಕಾಗಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಅಕ್ಷರದ ಪಂಚ್‌ಗಳ ಒಂದು ಸೆಟ್ ಸಿಗುತ್ತದೆ, ಸುತ್ತಿಗೆಯೊಂದು ಇದ್ದರಾಯಿತು. ಗಟ್ಟಿ ನೆಲದ ಮೇಲೆ ತಗಡನ್ನಿಟ್ಟು ಪದಕ್ಕೆ ನಾಲ್ಕು ಅಕ್ಷರದಂತೆ ಹೊಡೆದರೆ ಒಂದು ಮಧ್ಯಾಹ್ನದ ಕೆಲಸ. ಮೊದಲು ಹಳೆಯ ತಗಡಿನ ಮೇಲೆ ಕೈ ಪಳಗಿಸಿಕೊಳ್ಳಿ, ಏಕೆಂದರೆ ಒಮ್ಮೆ ಒತ್ತಿದ ಅಕ್ಷರವನ್ನು ತಿದ್ದಲಾಗದು.

ಹಣ ಹಾಕುವ ಮೊದಲು ಅಳಿಸಿ ನೋಡಿ

ಇಡೀ ಬರಹದಲ್ಲಿ ಒಂದೇ ಸಲಹೆ ಪಾಲಿಸುವುದಾದರೆ ಇದನ್ನು ಪಾಲಿಸಿ. ಪದಗಳನ್ನು ಬರೆದಾದ ಮೇಲೆ ವಾಲೆಟ್‌ಗೆ ಐನೂರು ರೂಪಾಯಿಯಷ್ಟು ಬೆಲೆಯ ನಾಣ್ಯ ಮಾತ್ರ ಕಳಿಸಿ. ಹಣ ಪಡೆಯುವ ಮೊದಲ ವಿಳಾಸವನ್ನು ಬೇರೆ ಕಡೆ ಬರೆದುಕೊಳ್ಳಿ. ನಂತರ ಸಾಧನವನ್ನು ಸೆಟ್ಟಿಂಗ್ಸ್‌ನಿಂದ ಪೂರ್ತಿ ಅಳಿಸಿ, ನೀವು ಬರೆದ ಹಾಳೆಯನ್ನು ಮಾತ್ರ ನೋಡಿಕೊಂಡು, ನೆನಪನ್ನು ನೆಚ್ಚದೆ, ಪದಗಳನ್ನು ಮತ್ತೆ ತುಂಬಿ. ಅದೇ ವಿಳಾಸ, ಅದೇ ಮೊತ್ತ ಮರಳಿ ಕಂಡರೆ ಹಾಳೆ ಸರಿಯಾಗಿದೆ. ಆ ಐನೂರು ರೂಪಾಯಿಯ ನಾಣ್ಯವನ್ನು ಎಕ್ಸ್‌ಚೇಂಜ್‌ಗೆ ಹಿಂದಕ್ಕೂ ಕಳಿಸಿ ನೋಡಿ. ಇಷ್ಟಾದ ಮೇಲೆಯೇ ದೊಡ್ಡ ಮೊತ್ತ. ಸಾಧನವನ್ನು ಅಳಿಸುವಾಗ ಕೈ ನಡುಗುತ್ತದೆ. ಅದು ಐನೂರು ರೂಪಾಯಿಗೆ ನಡುಗಲಿ, ಐದು ಲಕ್ಷಕ್ಕೆ ಅಲ್ಲ. ವರ್ಷಕ್ಕೊಮ್ಮೆ ಹಾಳೆಯನ್ನು ತೆಗೆದು ಓದಲು ಬರುತ್ತದೆಯೇ ಎಂದು ನೋಡುವುದನ್ನು ರೂಢಿ ಮಾಡಿಕೊಳ್ಳಿ. ನಮ್ಮಲ್ಲಿ ಆಯುಧಪೂಜೆಯ ದಿನ ಕಪಾಟು, ಯಂತ್ರಗಳನ್ನೆಲ್ಲ ತೆರೆದು ಒರೆಸುವುದುಂಟು. ನಾನು ಅಂದೇ ನೋಡುತ್ತೇನೆ.

ಹಂಚಿಡುವ ಉಪಾಯಗಳು

ಒಂದೇ ಜಾಗದಲ್ಲಿ ಇಟ್ಟರೆ ಬೆಂಕಿ, ಪ್ರವಾಹ, ಕಳ್ಳತನ ಯಾವುದಾದರೊಂದು ಎಲ್ಲವನ್ನೂ ಒಯ್ಯಬಹುದು. ಆದ್ದರಿಂದ ಎರಡು ಪ್ರತಿ, ಎರಡು ಊರಿನಲ್ಲಿ ಇರುವುದು ಒಳ್ಳೆಯದು. ಬ್ಯಾಂಕ್ ಲಾಕರ್ ಆಗಬಹುದು, ಆದರೆ ಲಾಕರಿನಲ್ಲಿರುವುದು ಬೆಂಕಿಗೋ ಕಳ್ಳತನಕ್ಕೋ ತುತ್ತಾದರೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ 100 ಪಟ್ಟಿಗೆ ಸೀಮಿತವೆಂಬುದು ನೆನಪಿರಲಿ.

ಹನ್ನೆರಡು ಪದಗಳನ್ನು ಮೂರು ತುಂಡು ಮಾಡಿ, ಮೂವರಲ್ಲಿ ಯಾವ ಇಬ್ಬರು ಸೇರಿದರೂ ಪೂರ್ತಿಯಾಗುವಂತೆ ಒಬ್ಬೊಬ್ಬರಿಗೆ ಎಂಟೆಂಟು ಪದ ಕೊಡುವ ಉಪಾಯ ಅನೇಕರಿಗೆ ತಾನಾಗಿ ಹೊಳೆಯುತ್ತದೆ. ಇದನ್ನು ಮಾಡಬೇಡಿ. ಎಂಟು ಪದ ಸಿಕ್ಕವನಿಗೆ ಉಳಿಯುವುದು ನಾಲ್ಕು. ತಾಳೆಯ ಅಂಕಿಯನ್ನು ಬಳಸಿಕೊಂಡರೆ ಅವನು ಪರೀಕ್ಷಿಸಬೇಕಾದ ಜೋಡಣೆಗಳು ಸುಮಾರು 1.1 ಲಕ್ಷ ಕೋಟಿ. ನಮಗೆ ಅದು ದೊಡ್ಡ ಸಂಖ್ಯೆ, ಕಂಪ್ಯೂಟರಿಗೆ ಮುಗಿಸಬಹುದಾದ ಕೆಲಸ. ನಿಜವಾಗಿ ಹಂಚಬೇಕಿದ್ದರೆ ಅದಕ್ಕೆಂದೇ ಇರುವ ವಿಧಾನಗಳಿವೆ. ಆದಿ ಶಮೀರ್ 1979ರಲ್ಲಿ ರೂಪಿಸಿದ ಗುಟ್ಟು ಹಂಚುವ ಗಣಿತವನ್ನು ಬಳಸುವ ವಾಲೆಟ್‌ಗಳಲ್ಲಿ ನಿಗದಿತ ಸಂಖ್ಯೆಗಿಂತ ಕಡಿಮೆ ಪಾಲು ಸಿಕ್ಕವನಿಗೆ ಏನೂ ತಿಳಿಯುವುದಿಲ್ಲ. ಇನ್ನೊಂದು ಮಲ್ಟಿಸಿಗ್: ಮೂರು ಬೇರೆ ಬೇರೆ ಕೀಲಿಗಳಲ್ಲಿ ಯಾವುದಾದರೂ ಎರಡರ ಸಹಿ ಬಿದ್ದರೆ ಮಾತ್ರ ಹಣ ಹೊರಡುತ್ತದೆ. ಮಲ್ಟಿಸಿಗ್‌ನಲ್ಲಿ ಸೀಡ್ ಫ್ರೇಸ್‌ಗಳ ಜೊತೆಗೆ ಮೂರೂ ಸಾರ್ವಜನಿಕ ಕೀಲಿಗಳಿರುವ (ಇವು ಪ್ರೈವೇಟ್ ಕೀಗಳಿಂದ ಹುಟ್ಟುವ, ವಿಳಾಸ ರೂಪಿಸಲು ಬೇಕಾದ ಸಂಖ್ಯೆಗಳು) ವಾಲೆಟ್‌ನ ವಿವರವನ್ನೂ ಕಾಪಾಡಬೇಕು. ಅದಿಲ್ಲದೆ ಒಂದು ಸೀಡ್ ಕಳೆದರೆ ಉಳಿದೆರಡು ಕೈಯಲ್ಲಿದ್ದರೂ ಹಣ ತೆಗೆಯಲಾಗದು.

ಪಾಸ್‌ಫ್ರೇಸ್, ಅಂದರೆ ಹದಿಮೂರನೆಯ ಅಥವಾ ಇಪ್ಪತ್ತೈದನೆಯ ಪದವೆಂದು ಕರೆಯುವ ಹೆಚ್ಚುವರಿ ಗುಪ್ತಪದ, ಹಾಳೆ ಕದ್ದವನನ್ನು ತಡೆಯುತ್ತದೆ. ಆದರೆ ಇಲ್ಲಿ ತಪ್ಪು ಎಂಬುದೇ ಇಲ್ಲ: ಒಂದು ಅಕ್ಷರ ಬೇರೆ ಒತ್ತಿದರೂ ಯಾವ ಎಚ್ಚರಿಕೆಯೂ ಇಲ್ಲದೆ ಬೇರೊಂದು ಖಾಲಿ ವಾಲೆಟ್ ತೆರೆದುಕೊಳ್ಳುತ್ತದೆ. ಅದನ್ನು ತಲೆಯಲ್ಲಿ ಮಾತ್ರ ಇಟ್ಟುಕೊಳ್ಳುವವರಿಗೆ ನಾನು ಇದನ್ನು ಶಿಫಾರಸು ಮಾಡುವುದಿಲ್ಲ.

ಕಳಿಸುವಾಗ ಯಾವ ಪರದೆಯನ್ನು ನಂಬಬೇಕು

ಕೀಲಿ ಭದ್ರವಾಗಿದ್ದರೂ ನಮ್ಮ ಕೈಯಿಂದಲೇ ತಪ್ಪು ಸಹಿ ಹಾಕಿಸುವುದು ಈಗಿನ ಕಳ್ಳರ ದಾರಿ. 2025ರ ಫೆಬ್ರುವರಿ 21ರಂದು ಬೈಬಿಟ್ ಎಕ್ಸ್‌ಚೇಂಜ್‌ನಿಂದ ಸುಮಾರು 150 ಕೋಟಿ ಡಾಲರ್ ಬೆಲೆಯ ಈಥರ್ ಹೋದದ್ದು ಹೀಗೆಯೇ. ಸಹಿ ಮಾಡುವವರ ಕಂಪ್ಯೂಟರ್ ಪರದೆ ಮಾಮೂಲಿ ವರ್ಗಾವಣೆಯನ್ನು ತೋರಿಸುತ್ತಿತ್ತು, ಸಹಿ ಬಿದ್ದದ್ದು ಬೇರೆಯದಕ್ಕೆ. ವಜೀರ್‌ಎಕ್ಸ್ ಕೂಡ ತನ್ನ ಕಳುವಿನ ಬಗ್ಗೆ ಇದೇ ಮಾತನ್ನು ಹೇಳಿತು. ಹಾಗಾಗಿ ಕಂಪ್ಯೂಟರಿನ ಪರದೆಯನ್ನಲ್ಲ, ಹಾರ್ಡ್‌ವೇರ್ ವಾಲೆಟ್‌ನ ಪುಟ್ಟ ಪರದೆಯನ್ನು ಓದಿ. ಅದರಲ್ಲಿ ಕಾಣುವುದು ಅರ್ಥವಾಗದಿದ್ದರೆ ಸಹಿ ಮಾಡಬೇಡಿ.

ವಿಳಾಸವನ್ನು ಮೊದಲಿನ ನಾಲ್ಕು, ಕೊನೆಯ ನಾಲ್ಕು ಅಕ್ಷರ ನೋಡಿ ಒಪ್ಪಬಾರದು. ನೀವು ಆಗಾಗ ಕಳಿಸುವ ವಿಳಾಸವನ್ನೇ ಹೋಲುವ ಇನ್ನೊಂದನ್ನು ಹುಟ್ಟಿಸಿ, ಅದರಿಂದ ನಿಮಗೆ ಬಿಡಿಗಾಸು ಕಳಿಸಿ, ನಿಮ್ಮ ವ್ಯವಹಾರಗಳ ಪಟ್ಟಿಯಲ್ಲಿ ಆ ನಕಲಿ ಬಂದು ಕೂರುವಂತೆ ಮಾಡುತ್ತಾರೆ. 2024ರ ಮೇ ತಿಂಗಳಲ್ಲಿ ಒಬ್ಬರು ಹೀಗೆ ಪಟ್ಟಿಯಿಂದ ಕಾಪಿ ಮಾಡಿ 1,155 ವ್ರ್ಯಾಪ್ಡ್ ಬಿಟ್‌ಕಾಯಿನ್ (ಬಿಟ್‌ಕಾಯಿನ್‌ನ ಬೆಲೆಯನ್ನೇ ಅನುಸರಿಸುವ ನಾಣ್ಯ) ಕಳಿಸಿಬಿಟ್ಟರು. ಅವರ ಹಣ ಬಹುಪಾಲು ಮರಳಿದ್ದು ಅಪರೂಪದ ಅದೃಷ್ಟ. ಪೂರ್ತಿ ವಿಳಾಸ ಓದಿ, ಮೊದಲು ಸಣ್ಣ ಮೊತ್ತ ಕಳಿಸಿ, ತಲುಪಿದ್ದನ್ನು ಖಚಿತಪಡಿಸಿಕೊಂಡು ಉಳಿದದ್ದನ್ನು ಕಳಿಸಿ.

ಟೆಲಿಗ್ರಾಂನಲ್ಲೋ ಫೋನಿನಲ್ಲೋ ‘ಸಪೋರ್ಟ್‌ನಿಂದ ಮಾತಾಡ್ತಿದ್ದೀವಿ ಸರ್, ವಾಲೆಟ್ ಸಿಂಕ್ ಆಗಿಲ್ಲ, ಆ ಪದಗಳನ್ನ ಹಾಕಿ’ ಎಂದು ಕೇಳುವವರು ಕಳ್ಳರೇ. ಯಾವ ಕಂಪನಿಗೂ ಯಾವ ಕಾರಣಕ್ಕೂ ನಿಮ್ಮ ಪದಗಳ ಅಗತ್ಯವಿಲ್ಲ.

ಮನೆಯವರಿಗೆ

ನಾಳೆ ನೀವು ಇಲ್ಲದಿದ್ದರೆ ಆ ಸ್ಟೀಲ್ ತಗಡು ಹಳೇ ಪಾತ್ರೆಯವನ ಚೀಲ ಸೇರಬಾರದು. ಹಾಗಾಗಿ ಒಂದು ಪತ್ರ ಬರೆದಿಡಿ. ಅದರಲ್ಲಿ ಪದಗಳು ಇರಬಾರದು. ಯಾವ ನಾಣ್ಯ, ಯಾವ ವಾಲೆಟ್, ಯಾವ ಎಕ್ಸ್‌ಚೇಂಜ್, ಸಾಧನ ಎಲ್ಲಿದೆ, ತಗಡು ಎಲ್ಲಿದೆ, ಪಾಸ್‌ಫ್ರೇಸ್ ಇದ್ದರೆ ಅದು ಯಾರಲ್ಲಿದೆ, ಸಹಾಯಕ್ಕೆ ಕೇಳಬಹುದಾದ ನಂಬಿಕಸ್ತರು ಯಾರು, ಯಾರನ್ನು ಕೇಳಲೇಬಾರದು ಎಂಬುದು ಸಾಮಾನ್ಯ ಓದುಬರಹ ಬಲ್ಲವರಿಗೆ ತಿಳಿಯುವ ಕನ್ನಡದಲ್ಲಿ ಇರಲಿ. ಖರೀದಿಯ ದಿನಾಂಕ, ಬೆಲೆಗಳ ದಾಖಲೆಯನ್ನೂ ಜೊತೆಗಿಡಿ. 2022ರ ಏಪ್ರಿಲ್‌ನಿಂದ ಲಾಭದ ಮೇಲೆ ಶೇ 30ರ ತೆರಿಗೆ, ಅದೇ ವರ್ಷದ ಜುಲೈನಿಂದ ಮಾರಾಟದ ಮೇಲೆ ಶೇ 1ರ ಟಿಡಿಎಸ್ ಇರುವುದರಿಂದ, ಕೊಂಡ ಬೆಲೆ ತೋರಿಸಲಾಗದಿದ್ದರೆ ಅವರಿಗೇ ತೊಂದರೆ. ಒಮ್ಮೆ ಮನೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಪತ್ರ ಓದಿಸಿ, ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ತಿದ್ದಿ ಬರೆಯಿರಿ. ಅವರನ್ನು ಬಿಟ್ಟು ಉಳಿದವರೆದುರು, ಮದುವೆ ಮನೆಯಲ್ಲಾಗಲಿ ಆಫೀಸಿನಲ್ಲಾಗಲಿ, ನಿಮ್ಮಲ್ಲಿ ಎಷ್ಟಿದೆ ಎಂಬ ಮಾತೇ ಬರಬಾರದು. ಕುತ್ತಿಗೆಗೆ ಕೈ ಹಾಕಿ ಪದ ಕೇಳುವವನ ಎದುರು ಯಾವ ಗಣಿತವೂ ನಿಲ್ಲುವುದಿಲ್ಲ.

ಸೋರಿಕೆಯ ಅನುಮಾನ ಬಂದರೆ

ಪದಗಳನ್ನು ಯಾರೋ ನೋಡಿರಬಹುದೆಂಬ ಅನುಮಾನ ಬಂದ ಕೂಡಲೇ ಹೊಸ ವಾಲೆಟ್‌ನಲ್ಲಿ ಹೊಸ ಪದಗಳನ್ನು ಹುಟ್ಟಿಸಿ ಹಣವನ್ನೆಲ್ಲ ಅಲ್ಲಿಗೆ ಸಾಗಿಸಿ. ಪಿನ್ ಬದಲಿಸಿದರೆ ಪ್ರಯೋಜನವಿಲ್ಲ, ಏಕೆಂದರೆ ಪಿನ್ ಸಾಧನವನ್ನು ಕಾಯುತ್ತದೆ, ಪದಗಳನ್ನಲ್ಲ. ಕಳುವಾಗಿಯೇ ಹೋಗಿದ್ದರೆ ವ್ಯವಹಾರದ ಗುರುತಿನ ಸಂಖ್ಯೆ, ಹಣ ಹೋದ ವಿಳಾಸ, ಸಮಯ ಇಷ್ಟನ್ನು ಬರೆದುಕೊಂಡು 1930ಕ್ಕೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ಹಣ ಯಾವುದಾದರೂ ಎಕ್ಸ್‌ಚೇಂಜ್ ತಲುಪಿರುವುದು ಕಂಡರೆ ದೂರಿನ ಸಂಖ್ಯೆಯೊಡನೆ ಅವರಿಗೂ ತಕ್ಷಣ ಬರೆಯಿರಿ. ಅಲ್ಲಿಂದ ಮುಂದೆ ಸಾಗುವ ಮೊದಲು ತಡೆಯಲು ಇರುವ ಅವಕಾಶ ಅದೊಂದೇ. ಆಮೇಲಿನ ದಿನಗಳಲ್ಲಿ, ಮುಂಗಡ ಕೊಟ್ಟರೆ ಕಳೆದ ನಾಣ್ಯ ಹಿಂದಿರುಗಿಸುತ್ತೇವೆ ಎನ್ನುವವರ ಸಂದೇಶಗಳು ಬರುತ್ತವೆ. ಅವುಗಳಿಗೆ ಉತ್ತರಿಸಬೇಡಿ.